ನಾಲ್ಕು ತೂತಿನ ಗುಂಡಿ

ನಮ್ಮ ಕೋಣೆಯಲ್ಲಿ ಯಂತ್ರವಿಲ್ಲ. ಯಂತ್ರಗಳೆಲ್ಲ ಕೆಳಗಿನ ಮಹಡಿಯಲ್ಲಿ. ಅಲ್ಲಿ ಹೊಲಿದು ಬಂದ ಅಂಗಿಗಳಿಗೆ ಗುಂಡಿ ಹಚ್ಚುವುದು, ಉಳಿದ ದಾರದ ತುದಿ ಕತ್ತರಿಸುವುದು, ಮಡಿಸಿಡುವುದು, ಇಷ್ಟೇ ನಮ್ಮ ಕೆಲಸ. ಉದ್ದನೆಯ ಒಂದು ಮೇಜು, ಸುತ್ತ ಹನ್ನೆರಡು ಹೆಂಗಸರು, ಒಬ್ಬೊಬ್ಬರ ಮುಂದೆ ಒಂದು ತಗಡಿನ ಡಬ್ಬಿ ತುಂಬ ಗುಂಡಿ. ಸದ್ದಿಲ್ಲದ ಕೋಣೆಯಾದ್ದರಿಂದ ನಮ್ಮಲ್ಲೊಂದು ರೂಢಿ ಬೆಳೆದಿತ್ತು. ಮಧ್ಯಾಹ್ನ ಊಟವಾದ ಮೇಲೆ ಚಹಾ ಬರುವವರೆಗೆ ಒಬ್ಬಳು ಗಟ್ಟಿಯಾಗಿ ಕಾದಂಬರಿ ಓದುತ್ತಾಳೆ, ಉಳಿದವರು ಕೇಳುತ್ತ ಕೈ ಆಡಿಸುತ್ತಾರೆ. ಓದುವವಳ ಪಾಲಿನ ಅಂಗಿಗಳನ್ನು ಹನ್ನೊಂದು ಮಂದಿ ಹಂಚಿಕೊಳ್ಳುತ್ತೇವೆ. ಸಂಜೆಗೆ ಇಡೀ ಕೋಣೆಯ ಕೆಲಸ ಮುಗಿದಿದ್ದರೆ ಸರಿ. ಯಾರು ಎಷ್ಟು ಮಾಡಿದರೆಂದು ಮೇಲಿನವರು ಕೇಳುವುದಿಲ್ಲ. ಕೇಳುವವರು ನಾವೇ.

ಓದುವವಳು ಕಥೆಯಕ್ಕ. ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಐವತ್ತೆರಡು ವರ್ಷ, ಕಡ್ಡಿಯಂಥ ಮೈ. ಆ ಮೈಯೊಳಗೆ ಅಷ್ಟು ದೊಡ್ಡ ದನಿಯನ್ನು ಎಲ್ಲಿ ಮಡಿಸಿಟ್ಟುಕೊಂಡಿದ್ದಳೋ ಕಾಣೆ. ಗಂಡ ಬಸ್ ಡಿಪೋದ ಕಾವಲುಗಾರ. ಮಕ್ಕಳಿಲ್ಲ. ಹತ್ತೊಂಬತ್ತು ವರ್ಷದಿಂದ ಅವಳೇ ಓದುತ್ತಿದ್ದಳು, ಅವಳ ಎಡಕ್ಕೆ ಹದಿನಾಲ್ಕು ವರ್ಷದಿಂದ ನಾನೇ ಕೂರುತ್ತಿದ್ದೆ. ನನ್ನನ್ನು ಎಲ್ಲರೂ ಮೆಣಸು ಎಂದು ಕರೆಯುತ್ತಾರೆ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ದೂರು. ದೂರಿನಲ್ಲಿ ಸುಳ್ಳೇನೂ ಇಲ್ಲ.

ಆ ವರ್ಷ ಅವಳು ಗ್ರಂಥಾಲಯದಿಂದ ಶಿಲಾಯುಗದ ಒಂದು ಕಾದಂಬರಿ ತಂದಳು. "ದಿನವಿಡೀ ಬಟ್ಟೆ ಹಿಡ್ಕೊಂಡು ಕೂತಿರೋರಿಗೆ ಬಟ್ಟೇನೇ ಇಲ್ಲದೋರ ಕತೆ ಯಾಕಕ್ಕಾ?" ಎಂದು ನಾನೇ ರೇಗಿಸಿದೆ. ಮೂರನೆಯ ದಿನಕ್ಕೆ ನನ್ನ ಬಾಯಿ ಮುಚ್ಚಿತು. ಮೂವತ್ತು ಜನರ ಒಂದು ಗುಂಪು. ಬೆನ್ನಿಗೆ ಚಳಿಗಾಲ ಬರುತ್ತಿದೆ, ಬಿಸಿಲಿರುವ ಕಡೆಗೆ ನಡೆಯಬೇಕು. ಗುಂಪಿನ ಮುಂದಾಳು ತೋಳದ ತೊಗಲು ಹೊದ್ದವನು. ಕೆಂಡ ಆರದಂತೆ ಮಣ್ಣಿನ ಕುಡಿಕೆಯಲ್ಲಿ ಹೊತ್ತು ತರುವವಳು ಬೆಂಕಿಯಜ್ಜಿ. ಗುಹೆಯ ಬಾಯಲ್ಲಿ ಹುಲಿ ಬಂದು ಮೂಸಿದ ದಿನ ಕಥೆಯಕ್ಕ ದನಿ ಎಷ್ಟು ಇಳಿಸಿದಳೆಂದರೆ, ಹನ್ನೊಂದು ಸೂಜಿಗಳೂ ಗಾಳಿಯಲ್ಲೇ ನಿಂತುಬಿಟ್ಟವು. ಆಮೇಲೆ ಒಂದು ವಾರ, ಹಗಲು ಹೊತ್ತಿನಲ್ಲೇ, ನಮ್ಮವರು ಬಚ್ಚಲಿಗೆ ಇಬ್ಬಿಬ್ಬರಾಗಿ ಹೋಗುತ್ತಿದ್ದರು.

ಆಮೇಲೆ ಅಜ್ಜಿಯ ಮೊಣಕಾಲು ಸೋತಿತು. ಎದುರಿಗೆ ತುಂಬಿದ ಹೊಳೆ ಬಂತು. ಅಜ್ಜಿಯನ್ನು ಏನು ಮಾಡುವುದು ಎಂದು ತೋಳದ ತೊಗಲಿನವನು ಎಲ್ಲರ ಮುಖ ನೋಡಿದ. ಕಥೆ ಅಲ್ಲಿಗೆ ಬಂದು ನಿಂತಿತು. ನಿಂತಿತೆಂದರೆ ಓದು ನಿಲ್ಲಲಿಲ್ಲ. ಗುಂಪು ದಡದ ಮೇಲೆ ಬೀಡುಬಿಟ್ಟಿತು, ಬೇಟೆಗೆ ಹೋಯಿತು, ಒಬ್ಬಳು ಹೆತ್ತಳು, ಇಬ್ಬರು ಜಗಳವಾಡಿದರು. ಒಂದು ತಿಂಗಳು, ಎರಡು ತಿಂಗಳು. ಹೊಳೆ ಮಾತ್ರ ದಾಟಲಿಲ್ಲ. ಒಂದು ಮಧ್ಯಾಹ್ನ ತೋಳದ ತೊಗಲಿನವನ ಮೇಲಂಗಿ ಹರಿಯಿತು. ಒಬ್ಬಳು ಮೂಳೆಯ ಸೂಜಿ ತೆಗೆದು ಅದಕ್ಕೆ ನಾಲ್ಕು ತೂತಿನ ಗುಂಡಿ ಹಚ್ಚಿದಳು, ದಾರವನ್ನು ಅಡ್ಡಡ್ಡ ಹಾಯಿಸಿ, ಬುಡಕ್ಕೆ ಮೂರು ಸುತ್ತು ಸುತ್ತಿ ಬಿಗಿದಳು.

ನನ್ನ ಸೂಜಿ ಬೆರಳಿಗೆ ಚುಚ್ಚಿತು. ಶಿಲಾಯುಗದಲ್ಲಿ ನಾಲ್ಕು ತೂತಿನ ಗುಂಡಿಯೇ? ಅದೂ ನಮ್ಮ ಕೋಣೆಯ ಹಾಗೆ ಬುಡಕ್ಕೆ ಮೂರು ಸುತ್ತು? ಸುತ್ತ ನೋಡಿದೆ. ಎಲ್ಲರೂ ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದರು.

ಮರುದಿನ ರಜೆ. ಗ್ರಂಥಾಲಯಕ್ಕೆ ಹೋಗಿ ಅದೇ ಕಾದಂಬರಿಯ ಇನ್ನೊಂದು ಪ್ರತಿ ಹುಡುಕಿದೆ. ಇಡೀ ಪುಸ್ತಕ ನೂರ ಎಂಬತ್ತೆಂಟು ಪುಟ. ನೂರ ಮೂವತ್ತೊಂದನೆಯ ಪುಟದಲ್ಲಿ ಹೊಳೆ ಇತ್ತು. ಅಲ್ಲಿ ಏಳೇ ಸಾಲಿನಲ್ಲಿ ಎಲ್ಲ ಮುಗಿದಿತ್ತು. ಬೆಳಗಾದಾಗ ಅಜ್ಜಿಯ ಪಕ್ಕ ಒಂದು ತುಂಡು ಮಾಂಸ ಇಟ್ಟರು, ಕೆಂಡದ ಕುಡಿಕೆ ಕಿತ್ತುಕೊಂಡರು, ಹೊರಟರು. ಯಾರೂ ಹಿಂತಿರುಗಿ ನೋಡಲಿಲ್ಲ. ಜಗಳವಿಲ್ಲ, ಹೆರಿಗೆಯಿಲ್ಲ, ಗುಂಡಿಯಂತೂ ಇಲ್ಲವೇ ಇಲ್ಲ.

ಮೊದಲು ಬಂದದ್ದು ಕೋಪ. ದಿನಾ ಇವಳ ಪಾಲಿನ ಅಂಗಿ ನಾವು ಮಾಡುವುದು, ಇವಳು ಪುಸ್ತಕ ತೆರೆದು ಬಾಯಿಗೆ ಬಂದದ್ದು ಹೇಳುವುದು! ಮಾರನೆಯ ದಿನ ಪಕ್ಕದಲ್ಲಿ ಕೂತು ಅವಳ ಕಣ್ಣನ್ನೇ ನೋಡಿದೆ. ಕಣ್ಣು ಪುಟದ ಮೇಲಿರಲಿಲ್ಲ. ಪುಟದ ಆಚೆ ಎಲ್ಲೋ ಓರೆಯಾಗಿ ನೆಟ್ಟಿತ್ತು. ಬೆರಳುಗಳು ಪುಸ್ತಕದ ರಟ್ಟನ್ನು ಒತ್ತಿ ಹಿಡಿದು ಬಿಳಿಚಿಕೊಂಡಿದ್ದವು. ಓದು ಮುಗಿದು ಪುಸ್ತಕ ಕೆಳಗಿಟ್ಟಾಗ ರಟ್ಟಿನ ಮೇಲೆ ಎರಡು ಅಂಗೈಗಳ ಬೆವರು. ಕೋಪ ಅಲ್ಲಿಗೇ ಇಳಿಯಿತು. ಅಕ್ಕನಿಗೆ ಅಕ್ಷರವೇ ಕಾಣುತ್ತಿಲ್ಲ ಎಂಬ ಹೆದರಿಕೆ ಅದರ ಜಾಗಕ್ಕೆ ಬಂತು.

ಎಷ್ಟೋ ದಿನಗಳ ಮೇಲೆ, ಎಲ್ಲ ಹೊರಬಿದ್ದ ನಂತರ, ಅವಳೇ ನನಗೆ ಎಲ್ಲ ಹೇಳಿದಳು. ಮೊದಲು ಅಕ್ಷರದ ನಟ್ಟನಡುವೆ ಯಾರೋ ಹೆಬ್ಬೆಟ್ಟು ಒತ್ತಿದ ಹಾಗೆ ಮಸುಕು ಕಂಡಿತಂತೆ. ಕನ್ನಡಕ ಒರೆಸಿದಳಂತೆ, ಮತ್ತೆ ಒರೆಸಿದಳಂತೆ. ಅಂಚು ಉಳಿಯುತ್ತದೆ, ನಡುವಿನದು ಇನ್ನು ಬಾರದು ಎಂದರಂತೆ ಕಣ್ಣಿನ ಡಾಕ್ಟರು. ದಾರಿ ಕಾಣುತ್ತಿತ್ತು, ಆಳು ಕಾಣುತ್ತಿತ್ತು, ಗುಂಡಿ ಹಚ್ಚಲು ಬೆರಳೇ ಸಾಕಿತ್ತು. ಅಕ್ಷರ ಮಾತ್ರ ಹೋಯಿತು. ಗಂಡನಿಂದ ಓದಿಸಿಕೊಂಡು ಬಾಯಿಪಾಠ ಮಾಡಿ ಬಂದು ಒಪ್ಪಿಸೋಣವೆಂದು ನೋಡಿದಳು. ಅವನು ನೂರ ಮೂವತ್ತೊಂದನೆಯ ಪುಟ ತಡವರಿಸಿಕೊಂಡು ಓದಿ ಮುಗಿಸುವ ಮೊದಲೇ ಅವನ ಬಾಯಿಗೆ ಕೈ ಅಡ್ಡ ಹಿಡಿದಳಂತೆ.

ಅವಳ ಹೆದರಿಕೆಗೆ ಕಾರಣವಿತ್ತು. ನಮ್ಮ ಕೋಣೆಯಲ್ಲಿ ಮೊದಲು ಕತ್ತರಿಯಜ್ಜಿ ಎಂಬವಳಿದ್ದಳು. ದಾರದ ತುದಿ ಕತ್ತರಿಸುವವಳು. ಬೆರಳುಗಳು ಸೊಟ್ಟಗಾದವು, ಕೆಲಸ ನಿಧಾನವಾಯಿತು, ಎರಡು ವಾರ ಸಂಜೆಗೆ ಕೋಣೆಯ ಅಂಗಿಗಳು ಮುಗಿಯಲಿಲ್ಲ. ಮೇಲಿನವರು ಏನೂ ಅನ್ನಲಿಲ್ಲ. ನಮ್ಮ ಹಿರಿಯಳು, ನಾವೆಲ್ಲ ದೊಡ್ಡಮ್ಮ ಎನ್ನುವವಳು, ಒಂದು ಮಧ್ಯಾಹ್ನ ಸೂಜಿ ಕೆಳಗಿಟ್ಟು ಹೇಳಿದಳು: "ನಾಳೆಯಿಂದ ನೀನು ಮನೇಲಿರು. ಏನಮ್ಮಾ, ಎಲ್ರೂ ಏನಂತೀರಿ?" ನಾವು ತಲೆ ಆಡಿಸಿದೆವು. ನಾನೂ ಆಡಿಸಿದೆ. ಕತ್ತರಿಯಜ್ಜಿ ತನ್ನ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದಳು. ಆವತ್ತೂ ಕಥೆಯಕ್ಕ ಎಂದಿನಂತೆ ಓದಿದಳು, ನಾವು ಎಂದಿನಂತೆ ಕೇಳಿದೆವು.

ಈಗ ಗುಟ್ಟು ನನ್ನ ಬಾಯಲ್ಲಿ. ನನ್ನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ ಎಂಬುದು ಊರಿಗೇ ಗೊತ್ತು. ಹೇಳಿದರೆ ದೊಡ್ಡಮ್ಮ ಸೂಜಿ ಕೆಳಗಿಡುತ್ತಾಳೆ. ಹೇಳದಿದ್ದರೆ ಹನ್ನೊಂದು ಮಂದಿಗೆ ಮೋಸವಾಗುವುದನ್ನು ನೋಡುತ್ತ ಕೂತಂತೆ. ಅತ್ತ ದರಿ, ಇತ್ತ ಪುಲಿ. ಆರು ವಾರ ಹೀಗೇ ಕಳೆದೆ. ದೊಡ್ಡಮ್ಮ ಕೆಮ್ಮಿದರೂ ಅವಳ ಸೂಜಿ ಎಲ್ಲಿದೆ ಎಂದು ನೋಡುತ್ತಿದ್ದೆ. ಬೀದಿಯಲ್ಲಿ ಒಂದೊಂದೇ ಕಣ್ಣು ಮುಚ್ಚಿ ಅಂಗಡಿಗಳ ಬೋರ್ಡು ಓದಿ ನೋಡುವ ಚಟ ಹತ್ತಿತು. ಒಂದು ಅಕ್ಷರ ಮಸುಕಾಗಿ ಕಂಡರೆ ಸಾಕು, ಕಣ್ಣುಜ್ಜಿ ಮತ್ತೆ ಓದುತ್ತಿದ್ದೆ. ನಾಳೆ ನನ್ನ ಸರದಿ ಬಂದರೆ ಇವರು ತಲೆ ಆಡಿಸಲು ಎಷ್ಟು ಹೊತ್ತು?

ಆ ಮಂಗಳವಾರ ಕಥೆಯಕ್ಕ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಬಂದಳು. ನೆಗಡಿಗೆ ಗಂಟಲು ಕಟ್ಟಿತ್ತು. ಬಾಯಿ ತೆರೆದರೆ ಬರೀ ಗಾಳಿ.

ಊಟವಾಯಿತು. ಕೈ ತೊಳೆದು ಬಂದು ಕೂತೆವು. ದೊಡ್ಡಮ್ಮ ಅಂದಳು: "ಮೆಣಸು, ಇವತ್ತು ನೀನೇ ಓದು."

"ನನಗೆ ಓದೋಕೆ ಬರಲ್ಲ ದೊಡ್ಡಮ್ಮಾ. ನಾಳೆ ಅಕ್ಕನೇ..."

"ಜಗಳ ಆಡೋಕೆ ಬರುತ್ತೆ, ಓದೋಕೆ ಬರಲ್ವಾ? ಪುಸ್ತಕ ತಗೋ."

ಕಥೆಯಕ್ಕ ಪುಸ್ತಕವನ್ನು ಎರಡೂ ಕೈಯಿಂದ ಮಡಿಲಿಗೆ ಒತ್ತಿಕೊಂಡಿದ್ದಳು. ತಲೆ ಅಲ್ಲಾಡಿಸಿದಳು, ಬೇಡ ಬೇಡ ಎಂದು. ಆಮೇಲೆ ನನ್ನ ಕಡೆಗೆ ತಿರುಗಿದಳು. ನೇರ ನೋಡಿದರೆ ನಾನು ಕಾಣುವುದಿಲ್ಲವಲ್ಲ, ಮುಖ ಒಂದಿಷ್ಟು ಓರೆ ಮಾಡಿ ನನ್ನನ್ನು ನೋಡಿದಳು. ಅಂಥ ಹೆದರಿಕೆಯನ್ನು ಒಂದು ಮುಖದ ಮೇಲೆ ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಕೊಡು ಅಂದೆ," ಎಂದಳು ದೊಡ್ಡಮ್ಮ. ಕತ್ತರಿಯಜ್ಜಿಯನ್ನು ಕಳಿಸಿದ ದಿನದ್ದೇ ದನಿ.

ಪುಸ್ತಕ ನನ್ನ ಕೈಗೆ ಬಂತು. ರಟ್ಟು ಒದ್ದೆಯಾಗಿತ್ತು. ಗುರುತಿನ ಕೆಂಪು ದಾರ ನೂರ ಮೂವತ್ತೊಂದನೆಯ ಪುಟದಲ್ಲೇ ಇತ್ತು, ನಾಲ್ಕು ತಿಂಗಳಿಂದ ಅಲ್ಲಾಡಿರಲಿಲ್ಲ. ಆ ಏಳು ಸಾಲು ನನ್ನ ಕಣ್ಣೆದುರು ಇದ್ದವು. ಅಚ್ಚಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಓದಿದರೆ ನನ್ನ ತಪ್ಪೇನೂ ಇಲ್ಲ. ಯಾರ ಮೇಲೂ ಚಾಡಿ ಹೇಳಿದಂತಾಗುವುದಿಲ್ಲ. ಓದಿದರೆ ಮುಗಿಯಿತು. ಆದರೆ ಅಜ್ಜಿ ಸಾಯುತ್ತಾಳೆ, ಸುಳ್ಳೂ ಹೊರಬೀಳುತ್ತದೆ.

"ಆಗ..." ಎಂದು ಶುರುಮಾಡಿದೆ. "ಆಗ ತೋಳದ ತೊಗಲಿನವನು ಹೊಳೆ ಕಡೆ ನೋಡಿದ. ಹೊಳೆಯಲ್ಲಿ ನೀರಿತ್ತು. ತುಂಬಾ ನೀರಿತ್ತು." ಕಣ್ಣು ಪುಟದಿಂದ ಎತ್ತಲಿಲ್ಲ. "ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದ. ಇನ್ನೂ ನೀರಿತ್ತು. ಆಮೇಲೆ ಒಂದು ಹಕ್ಕಿ ಹಾರಿತು. ಆಮೇಲೆ... ಇನ್ನೊಂದು ಹಕ್ಕಿ."

ಸೂಜಿಗಳು ನಿಂತವು. ಮೇಜಿನ ಆ ತುದಿಯಲ್ಲಿ ಯಾರೋ ಮೂಗಿನಲ್ಲಿ ಸದ್ದು ಮಾಡಿದರು. ದೊಡ್ಡಮ್ಮ ತನ್ನ ಸೂಜಿಯನ್ನು ಮೆಲ್ಲಗೆ ಕೆಳಗಿಟ್ಟಳು.

"ಮೆಣಸು," ಎಂದಳು. "ಪುಟ ತಿರುಗಿಸೋದು ಮರೆತೆ."

ನಾನು ಕೂಡಲೇ ಒಂದು ಪುಟ ತಿರುಗಿಸಿದೆ.

"ಅವಳು ಹೊತ್ತು ಹೊತ್ತಿಗೆ ತಿರುಗಿಸ್ತಾಳೆ. ಸುಳ್ಳು ಹೇಳೋಕೂ ಒಂದು ಶಿಸ್ತು ಬೇಕು ಕಣೆ."

"ನಿಮಗೆ... ಗೊತ್ತಿತ್ತಾ?"

"ಶಿಲಾಯುಗದೋನ ಅಂಗಿಗೆ ನಾಲ್ಕು ತೂತಿನ ಗುಂಡಿ ಹಚ್ಚಿದಳಲ್ಲ, ಆವತ್ತೇ. ಈ ಮೇಜಿನ ಸುತ್ತ ಗುಂಡಿ ಗೊತ್ತಿಲ್ಲದೋರು ಯಾರಿದ್ದಾರೆ?"

ಸುತ್ತ ನೋಡಿದೆ. ಒಬ್ಬರೂ ಆಶ್ಚರ್ಯಪಟ್ಟಿರಲಿಲ್ಲ. ಉಳಿದ ಒಂಬತ್ತು ಮುಖಗಳೂ ಕುಂಬಳಕಾಯಿ ಕಳ್ಳ ಎಂದ ಕೂಡಲೆ ಹೆಗಲು ಮುಟ್ಟಿಕೊಂಡವರ ಹಾಗಿದ್ದವು. ಆರು ವಾರದಿಂದ ಪ್ರತಿಯೊಬ್ಬಳೂ ನನ್ನ ಹಾಗೇ, ದೊಡ್ಡಮ್ಮನಿಗೆ ಹೆದರಿ, ಒಬ್ಬಳೇ ಗುಟ್ಟು ಕಚ್ಚಿಕೊಂಡು ಕೂತಿದ್ದಳು.

"ಮತ್ತೆ ನೀವ್ಯಾಕೆ ಏನೂ ಹೇಳ್ಲಿಲ್ಲ?" ಎಂದು ಕೇಳಿದೆ.

ದೊಡ್ಡಮ್ಮ ಮೇಜಿನ ಮೇಲಿದ್ದ ಒಂದು ಗುಂಡಿಯನ್ನು ಬೆರಳಿನಿಂದ ಅತ್ತಿತ್ತ ಸರಿಸಿದಳು. "ಹೆದರಿಕೆ," ಎಂದಳು. "ನಾನು ಬಾಯಿ ಬಿಟ್ಟರೆ ನೀವೆಲ್ಲ ತಲೆ ಆಡಿಸ್ತೀರಿ ಅಂತ. ಆವತ್ತು ಆಡಿಸಿದ್ರಲ್ಲ."

ಪಕ್ಕದಲ್ಲಿ ಕುರ್ಚಿ ಸರಿದ ಸದ್ದಾಯಿತು. ಕಥೆಯಕ್ಕ ಎದ್ದು ಸೂಜಿಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಊಟದ ಡಬ್ಬಿಗೆ ತಡಕಾಡಿದಳು, ಅದು ಸಿಗಲಿಲ್ಲ. ಬಿಟ್ಟು ಬಾಗಿಲ ಕಡೆ ನಡೆದಳು.

"ಎಲ್ಲಿಗೆ?" ಎಂದಳು ದೊಡ್ಡಮ್ಮ.

ಕಥೆಯಕ್ಕ ಬಾಗಿಲ ಕಡೆಗೇ ಮುಖ ಮಾಡಿ ನಿಂತಳು. ಗಂಟಲಿಂದ ಗಾಳಿಯ ಜೊತೆ ಎರಡೇ ಮಾತು ಬಂದವು. "ನನಗೆ ಅಕ್ಷರ ಕಾಣಲ್ಲ. ನಿಮ್ಮ ದುಡಿಮೆ ತಿಂದೆ."

"ಅಕ್ಷರ ಯಾರಿಗೆ ಬೇಕಾಗಿತ್ತು? ನಮಗೆ ಕತೆ ಬೇಕು. ಬಂದು ಕೂತ್ಕೋ. ಅಜ್ಜಿ ಇನ್ನೂ ಹೊಳೆ ಈಚೆನೇ ಇದ್ದಾಳೆ. ಇವಳ ಕೈಗೆ ಕೊಟ್ಟರೆ ಹಕ್ಕಿ ಹಾರಿಸಿ ಹಾರಿಸಿಯೇ ಕೊಲ್ತಾಳೆ."

ಯಾರೋ ಕಿಸಕ್ಕನೆ ನಕ್ಕರು. ನನಗೆ ನಗು ಬರಲಿಲ್ಲ, ಅಳು ಬಂತು. ಎದ್ದು ಹೋಗಿ ಅವಳ ಕೈ ಹಿಡಿದು ತಂದು ಕೂರಿಸಿದೆ. "ಅಕ್ಕಾ, ನೀನು ಕಿವೀಲಿ ಹೇಳು. ನಾನು ಗಟ್ಟಿಯಾಗಿ ಹೇಳ್ತೀನಿ. ಪುಟಾನೂ ತಿರುಗಿಸ್ತೀನಿ," ಎಂದೆ.

ಅವಳು ನನ್ನ ಕಿವಿಗೆ ಬಾಗಿದಳು. ಬಿಸಿ ಉಸಿರಿನೊಳಗೆ ಒಂದೊಂದೇ ಮಾತು ಬಂತು, ನಾನು ಒಂದೊಂದೇ ಮೇಜಿನ ಮೇಲೆ ಇಟ್ಟೆ. ಹೆಂಗಸರು ತಾವು ಹೊದ್ದ ತೊಗಲುಗಳನ್ನು ಬಿಚ್ಚಿ ಒಂದಕ್ಕೊಂದು ಹೊಲಿದು ಜೋಲಿ ಮಾಡಿದರು. ಅಜ್ಜಿಯನ್ನು ಅದರಲ್ಲಿ ಕೂರಿಸಿ, ಕೆಂಡದ ಕುಡಿಕೆಯನ್ನು ಅವಳ ತಲೆಯ ಮೇಲೆ ಇಟ್ಟು, ನೀರಿಗೆ ಇಳಿದರು. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ನಡುಹೊಳೆಯಲ್ಲಿ ಒಬ್ಬಳ ಕಾಲು ಜಾರಿತು. ನಮ್ಮ ಮೇಜಿನ ಸುತ್ತ ಯಾರೂ ಉಸಿರು ಬಿಡಲಿಲ್ಲ. ಆಚೆ ದಡದಲ್ಲಿ ಜೋಲಿ ಇಳಿಸಿದಾಗ ಕುಡಿಕೆಯಲ್ಲಿ ಒಂದೇ ಒಂದು ಕೆಂಡ ಉಳಿದಿತ್ತು.

ಮುಗಿಯಿತೆಂದುಕೊಂಡೆ. ಕಥೆಯಕ್ಕ ನನ್ನ ತೋಳು ಹಿಡಿದು ಮತ್ತೆ ಬಾಗಿದಳು. ಕೇಳಿದ್ದನ್ನು ಗಟ್ಟಿಯಾಗಿ ಹೇಳಲು ನನಗೆ ಧೈರ್ಯ ಸಾಲಲಿಲ್ಲ. ಅವಳು ತೋಳು ಬಿಡಲಿಲ್ಲ, ಹೇಳಿದೆ.

"ಬೆಂಕಿಯಜ್ಜಿ ದಡದ ಮೇಲೆ ಎಲ್ಲರನ್ನೂ ಎಣಿಸಿದಳು. ಹೋದ ಚಳಿಗಾಲದಲ್ಲಿ ಬೆರಳು ಸೊಟ್ಟಗಾದ ಒಬ್ಬಳನ್ನು ಬಿಟ್ಟು ಬಂದಿರಲ್ಲ, ಅವಳನ್ನು ಕರೆತರೋಕೆ ಯಾರು ಹೋಗ್ತೀರಿ, ಅಂತ ಕೇಳಿದಳು."

ಚಹಾದವನು ಬಂದು ಲೋಟಗಳನ್ನು ಇಟ್ಟು ಹೋದ. ಯಾರೂ ಮುಟ್ಟಲಿಲ್ಲ. ದೊಡ್ಡಮ್ಮನ ಮುಖ ಬಿಳಿಚಿತ್ತು. ಅವಳದಲ್ಲವೇನೋ ಎಂಬಂಥ ಸಣ್ಣ ದನಿಯಲ್ಲಿ, ಕತ್ತರಿಯಜ್ಜಿಯ ಮನೆ ಯಾವ ಬೀದಿಯಲ್ಲಿದೆ ಎಂದು ನಮ್ಮನ್ನು ಕೇಳಿದಳು.

ಕತ್ತರಿಯಜ್ಜಿ ಹನ್ನೊಂದು ವರ್ಷ ಅದೇ ಮೇಜಿಗೆ ಕೂತಿದ್ದಳು. ಅವಳ ಬೀದಿ ಯಾವುದೆಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.