ದಾರಿ ಹೇಳದ ವಾರಿಜಾ ಮೇಡಂ

ವಾರಿಜಾ ಮೇಡಂ ರಿಕ್ಷಾದವರಿಗೆ ಒಂದು ದಿನವೂ ದಾರಿ ಹೇಳಿದವರಲ್ಲ. ಠಾಣೆಯ ವರ್ತಕ ನಗರದಲ್ಲಿ ನಾವಿಬ್ಬರೂ ಇದ್ದ ಹೌಸಿಂಗ್ ಸೊಸೈಟಿಯ ಗೇಟಿನಲ್ಲಿ ರಿಕ್ಷಾ ಹತ್ತಿ, ಸೆರಗು ಒಳಗೆಳೆದುಕೊಂಡು, "ಸಾಡೇ ಸಾತ್ ಕೋ ಠಾಣೆ ಸ್ಟೇಷನ್. ಗಡ್ಢಾ ನಹೀ ಚಾಹಿಯೆ" ಎಂದು ಮುಗಿಸುತ್ತಿದ್ದರು. ಏಳೂವರೆಗೆ ಸ್ಟೇಷನ್ ತಲುಪಬೇಕು, ಗುಂಡಿಗೆ ಬೀಳಬಾರದು, ಅಷ್ಟೆ. "ಕಿಧರ್ ಸೆ ಲೂಂ, ಮ್ಯಾಡಮ್?" ಎಂದು ರಿಕ್ಷಾದವನು ಯಾವ ಕಡೆಯಿಂದ ಹೋಗಲಿ ಎಂದು ಕೇಳಿದರೆ, "ವೋ ಆಪ್‌ಕಾ ಕಾಮ್ ಹೈ", ಅದು ನಿಮ್ಮ ಕೆಲಸ, ಎಂದು ರಿಕ್ಷಾದ ತೆರೆದ ಬದಿಯಿಂದ ಹೊರಗೆ ನೋಡುತ್ತಿದ್ದರು.

ನನಗೆ ದಿನಚರಿ ಬರೆಯುವ, ಲೆಕ್ಕ ಇಡುವ ಅಭ್ಯಾಸವಿದೆ. ಅವರ ಪಕ್ಕದಲ್ಲಿ ಕುಳಿತು ನಾನು ಸ್ಟೇಷನ್ನಿಗೆ ಹೋದದ್ದು ನಾನೂರ ಹನ್ನೆರಡು ಸಲ. ಸಮಯಕ್ಕೆ ತಲುಪಿದ್ದು ಮುನ್ನೂರ ಅರವತ್ತು ಸಲ. ಗುಂಡಿಯ ಷರತ್ತು ಈಡೇರಿದ್ದು ಒಂಬತ್ತು ಸಲ. ಅದರಲ್ಲಿ ಏಳು, ಯಾರೋ ಮಂತ್ರಿಗಳು ಬರುವ ವಾರದವು.

ಇದು ಅವರ ಹಟವಲ್ಲ, ವೃತ್ತಿ. ನವಿ ಮುಂಬೈಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಅವರು ಪ್ರಾಧ್ಯಾಪಕಿ, ನಾನು ಅವರ ಕೈಕೆಳಗೆ ಸಂಶೋಧನೆ ಮಾಡುವವಳು. ಸಾಮಾನ್ಯವಾಗಿ ಕಂಪ್ಯೂಟರಿಗೆ ಮೊದಲು ಇದು ಮಾಡು, ಆಮೇಲೆ ಅದು ಮಾಡು ಎಂದು ಹಂತಹಂತವಾಗಿ ಹೇಳಬೇಕು. ಮೇಡಂ ಕೆಲಸ ಮಾಡುತ್ತಿದ್ದ ಭಾಷೆಗಳಲ್ಲಿ ಹಾಗಲ್ಲ. ಏನು ಗೊತ್ತಿದೆ, ಏನು ಬೇಕು, ಏನು ಕೂಡದು ಎಂದಷ್ಟೇ ಬರೆದರೆ ಸಾಕು. ದಾರಿ ಹುಡುಕುವುದು ಯಂತ್ರದ ಕೆಲಸ. ಮೂವತ್ತು ವರ್ಷ ಇದನ್ನೇ ಮಾಡಿ ಅವರಿಗೆ ಮನುಷ್ಯರೊಡನೆಯೂ ಬೇರೆ ರೀತಿ ಮಾತಾಡಲು ಬರುತ್ತಿರಲಿಲ್ಲ. ನಾನು "ಇದನ್ನ ಹೇಗೆ ಮಾಡ್ಲಿ, ಮೇಡಂ?" ಎಂದರೆ, "ಹೇಗೆ ಅಂತ ನಂಗೆ ಯಾಕೆ ಮಾರಾಯ್ತಿ? ಎಂತ ಬೇಕು, ಅದನ್ನು ಹೇಳು" ಎನ್ನುತ್ತಿದ್ದರು. ಅವರ ಎರಡನೆಯ ಮಾತು, "ಹೇಳದ್ದು ಇಲ್ಲ ಅಂತಲೇ ಲೆಕ್ಕ." ಮೊದಲನೆಯದು ನನ್ನ ದಿನಚರಿಯಲ್ಲಿ ನೂರ ಎಂಬತ್ತು ಸಲ ಇದೆ, ಎರಡನೆಯದು ಎಪ್ಪತ್ತಾರು ಸಲ.

ಈ ವಿಷಯ ಕಲಿಸುತ್ತಿದ್ದವರು ಕಾಲೇಜಿನಲ್ಲಿ ಅವರೊಬ್ಬರೇ. ಮೇ ಕೊನೆಗೆ ಅವರ ನಿವೃತ್ತಿ. ಕಲಿಸುವವರು ಸಿಗದಿದ್ದರೆ ಜೂನ್‌ನಿಂದ ಸಬ್ಜೆಕ್ಟ್ ಬಂದ್ ಎಂದು ಪ್ರಿನ್ಸಿಪಾಲರು ಜನವರಿಯಲ್ಲೇ ತಿಳಿಸಿದ್ದರು. ಸಬ್ಜೆಕ್ಟ್ ಹೋದರೆ ಅದರ ಲ್ಯಾಬ್ ಹೋಗುತ್ತದೆ, ಲ್ಯಾಬಿನೊಡನೆ ಅರ್ಧಕ್ಕೆ ಬಂದ ನನ್ನ ಪಿಎಚ್‌ಡಿಯೂ ಹೋಗುತ್ತದೆ. ನಾನು ದಿನಚರಿಯಲ್ಲಿ ಉಳಿದ ದಿನಗಳನ್ನು ಎಣಿಸತೊಡಗಿದೆ.

ಡೊಂಬಿವಲಿಯಲ್ಲಿ ಅವರ ತಮ್ಮ ರಘುವಣ್ಣನ ಸಸ್ಯಾಹಾರಿ ಹೋಟೆಲ್ ಇದೆ. ಉಡುಪಿ ಕಡೆಯ ಮನೆತನ. ಅಕ್ಕ ತಮ್ಮ ಜಗಳವಾಡಿದರೆ ತುಳುವಿನಲ್ಲಿ, ನನ್ನೆದುರು ಕನ್ನಡದಲ್ಲಿ. ಮೊದಲ ಸಲ ನನ್ನನ್ನು ಅಲ್ಲಿಗೆ ಕರೆದೊಯ್ದಾಗ ಮೇಡಂ ಮೆನು ನೋಡಲಿಲ್ಲ. ಸಪ್ಲಾಯರ್ ಜಯರಾಮನಿಗೆ, "ಬಿಸಿ ಇರಬೇಕು. ಎಣ್ಣೆ ಇರಬಾರದು. ಐದು ನಿಮಿಷದೊಳಗೆ ಬರಬೇಕು" ಎಂದರು. ಜಯರಾಮ ಎರಡೇ ನಿಮಿಷದಲ್ಲಿ ಒಂದು ಲೋಟ ಬಿಸಿನೀರು ತಂದಿಟ್ಟು, ಕೈಕಟ್ಟಿ ನಿಂತ. ಮೇಡಂ ಮೂರೂ ಷರತ್ತನ್ನು ಬೆರಳಿನಲ್ಲಿ ಎಣಿಸಿ, "ಸರಿ ಉಂಟು" ಎಂದು ಪೂರ್ತಿ ಕುಡಿದರು. ಆಮೇಲೆ, "ತಪ್ಪು ನಂದೇ. ಜಗಿಯುವ ಹಾಗೆ ಇರಬೇಕು ಅಂತ ಹೇಳಲಿಲ್ಲ" ಎಂದರು. ಷರತ್ತು ನಾಲ್ಕಾದ ಮೇಲೆ ಇಡ್ಲಿ ಬಂತು.

ನನ್ನ ಸಂಶೋಧನೆಯ ಪರೀಕ್ಷೆ ನಡೆದದ್ದೂ ಅದೇ ಹೋಟೆಲಿನಲ್ಲಿ. ಷರತ್ತುಗಳೆಲ್ಲ ಒಟ್ಟಿಗೆ ಈಡೇರುವ ಹಾಗಿಲ್ಲದಿದ್ದರೆ ಇಂಥ ಪ್ರೋಗ್ರಾಮ್ "ಇಲ್ಲ" ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಯಾಕೆ ಇಲ್ಲ, ಯಾವ ಷರತ್ತಿಗೆ ಯಾವ ಷರತ್ತಿನೊಡನೆ ಜಗಳ ಎಂದು ತೋರಿಸುವುದು ನನ್ನ ಕೆಲಸ. ಹೋಟೆಲಿನ ಡ್ಯೂಟಿ ಪಟ್ಟಿಯನ್ನು ಇದರಿಂದ ಮಾಡೋಣ ಎಂದರು ಮೇಡಂ. ಒಂಬತ್ತು ಜನ ಕೆಲಸದವರಿಂದ ಮೂವತ್ತೆಂಟು ಷರತ್ತು ಬರೆದುಕೊಂಡೆ. ಫೆಬ್ರವರಿಯ ಒಂದು ಶನಿವಾರ, ಮಧ್ಯಾಹ್ನ ಮೂರಕ್ಕೆ, ಗಲ್ಲಾದ ಪಕ್ಕ ಲ್ಯಾಪ್‌ಟಾಪ್ ಇಟ್ಟು ನಡೆಸಿದೆ.

"ಇಲ್ಲ" ಎಂದು ಬಂತು. ಜಗಳ ಮೂರು ಷರತ್ತುಗಳದ್ದು. ದೋಸೆಯ ಶೀನಣ್ಣನಿಗೆ ಮಂಗಳವಾರ ಟಿಟ್ವಾಳಾದ ಗಣಪತಿಗೆ ಹೋಗಲು ರಜೆ ಬೇಕು. ದೋಸೆಯ ಲೋಕೇಶನಿಗೂ ಅಂದೇ, ಅಲ್ಲಿಗೇ. ಹೋಟೆಲಿಗೆ ಮಂಗಳವಾರವೂ ದೋಸೆ ಬೇಕು. ಇದನ್ನು ಕಂಡುಹಿಡಿಯಲು ನನಗೆ ಹದಿನಾಲ್ಕು ತಿಂಗಳ ಸಂಶೋಧನೆ ಬೇಕಾಗಿತ್ತು.

"ಹಾಗಾದ್ರೆ ನಿಮ್ಮ ಹೋಟೆಲು ನಡೆಯೋದೇ ಸಾಧ್ಯ ಇಲ್ಲ, ರಘುವಣ್ಣ" ಎಂದೆ.

"ಎಂಟು ವರ್ಷದಿಂದ ನಡೀತಾ ಉಂಟಲ್ಲ?"

"ಮಂಗಳವಾರ ದೋಸೆ ಯಾರು ಹಾಕ್ತಾರೆ?"

"ಯಾರೆಂದರೆ? ನಾನೇ. ಬೆಳಿಗ್ಗೆ ಆರಕ್ಕೆ ಕಾವಲಿ ಎದುರು ನಿಂತರೆ ಸೊಂಟ ಹಿಡಿಯುವವರೆಗೆ."

"ಪಟ್ಟಿಯಲ್ಲಿ ನಿಮ್ಮ ಹೆಸರೇ ಇಲ್ಲವಲ್ಲ."

"ಅದು ಸ್ಟಾಫಿನ ಪಟ್ಟಿ. ನಾನು ಸ್ಟಾಫ್ ಅಲ್ಲ" ಎಂದರು ರಘುವಣ್ಣ, ಸ್ವಲ್ಪ ಮುಖ ಬಿಗಿದುಕೊಂಡು.

"ಹೇಳದ್ದು ಇಲ್ಲ ಅಂತಲೇ ಲೆಕ್ಕ, ರಘು" ಎಂದರು ಮೇಡಂ.

"ನಿನ್ನ ಕಂಪ್ಯೂಟರಿಗೆ ಕಣ್ಣಿಲ್ವಾ, ಅಕ್ಕ? ನನ್ನ ಕೈ ನೋಡು, ಸುಟ್ಟ ಕಲೆ!"

ಅವರ ಹೆಸರು ಸೇರಿಸಿದೆ. ಷರತ್ತೆಲ್ಲ ಈಡೇರುವ ಹನ್ನೆರಡು ಪಟ್ಟಿ ಬಂದವು. ಎಲ್ಲದರಲ್ಲೂ ಮಂಗಳವಾರ ಕಾವಲಿಗೆ ರಘುವಣ್ಣನೇ. ಅವರು ಅದನ್ನು ನೋಡಿ, "ಇದು ನಂಗೆ ಮೊದಲೇ ಗೊತ್ತಿತ್ತು" ಎಂದು ಒಳಗೆ ಹೋದರು.

ಮೇ ಇಪ್ಪತ್ತೊಂಬತ್ತು, ಕಾಲೇಜಿನಲ್ಲಿ ಮೇಡಂ ಅವರ ಕೊನೆಯ ದಿನದ ಹಿಂದಿನ ದಿನ. ಹೊಸ ಶೈಕ್ಷಣಿಕ ವರ್ಷದ ಟೈಮ್‌ಟೇಬಲ್ ಮಾಡಲು ಅವರು ನನಗೆ ಹೇಳಿದ್ದರು. ಅದೇ ಪ್ರೋಗ್ರಾಮಿಗೆ ಮೇಡಂ ಅವರನ್ನು ಬಿಟ್ಟು ಉಳಿದ ಏಳು ಅಧ್ಯಾಪಕರ ಹೆಸರು ಬರೆದೆ. "ಇಲ್ಲ" ಎಂದು ಬಂತು. ಜಗಳ ಎರಡೇ ಸಾಲಿನದು: ಮೇಡಂ ಅವರ ಸಬ್ಜೆಕ್ಟನ್ನು ಅದನ್ನು ಕಲಿತವರೇ ಕಲಿಸಬೇಕು, ಪಟ್ಟಿಯಲ್ಲಿ ಕಲಿತವರಿಲ್ಲ. ಪ್ರಿಂಟ್ ತೆಗೆದುಕೊಂಡು ಅವರ ಕೋಣೆಗೆ ಹೋದೆ. ಪ್ಯೂನ್‌ಗೆ ಅವರು "ಕಪಾಟು ಖಾಲಿ ಇರಬೇಕು" ಎಂದಷ್ಟೇ ಹೇಳಿದ್ದರಿಂದ ಮೂವತ್ತು ವರ್ಷದ ಪುಸ್ತಕಗಳೆಲ್ಲ ಅವರ ಕುರ್ಚಿಯ ಮೇಲಿದ್ದವು. ಅವರು ನಿಂತಿದ್ದರು.

"ಮೇಡಂ, ಇನ್ನೊಂದು ವರ್ಷ ಕಾಂಟ್ರ್ಯಾಕ್ಟ್ ಮೇಲೆ ಇರಿ. ನಾನೇ ಪ್ರಿನ್ಸಿಪಾಲರ ಹತ್ರ ಮಾತಾಡ್ತೀನಿ."

"ಅದು 'ಹೇಗೆ' ಅನ್ನುವುದಾಯಿತು. ಎಂತ ಬೇಕು?"

"ಸಬ್ಜೆಕ್ಟ್ ಉಳೀಬೇಕು."

"ಹಾಂ. ನನ್ನ ಬಿಟ್ಟು ಇದನ್ನು ಕಲಿತವರು ಇಲ್ಲಿ ಯಾರುಂಟು?"

"ಯಾರೂ ಇಲ್ಲ."

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ನಾನು ಪ್ರಿಂಟಿನಲ್ಲಿದ್ದ ಏಳು ಹೆಸರನ್ನು ಮತ್ತೊಮ್ಮೆ ಎಣಿಸಿದೆ.

"ನಾನು ಸ್ಟಾಫ್ ಅಲ್ಲ, ಮೇಡಂ" ಎಂದೆ.

"ರಘುವೂ ಹಾಗೇ ಹೇಳಿದ್ದ" ಎಂದು ಅವರು ಪುಸ್ತಕ ಕಟ್ಟಲು ದಾರ ಹುಡುಕಿದರು.

ನನ್ನ ಹೆಸರು ಸೇರಿಸಿದೆ. ನಾಲ್ಕು ಟೈಮ್‌ಟೇಬಲ್ ಬಂದವು. ಪ್ರಿನ್ಸಿಪಾಲರು ಒಂದನ್ನು ಆರಿಸಿ, ಒಂದು ವರ್ಷಕ್ಕೆ ನನ್ನನ್ನು ಹಾಕಿಕೊಂಡು ಸಹಿ ಮಾಡಿದರು. ಅದರಲ್ಲಿ ನನ್ನ ಮೊದಲ ಕ್ಲಾಸು ಸೋಮವಾರ ಬೆಳಿಗ್ಗೆ ಎಂಟೂವರೆಗೆ.

ಮೇಡಂ ವರ್ತಕ ನಗರದ ಮನೆ ಬಿಟ್ಟು ಟಿಟ್ವಾಳಾಕ್ಕೆ ಹೋದರು. ಯಾಕೆ ಅಷ್ಟು ದೂರ ಎಂದು ಕೇಳಿದ್ದಕ್ಕೆ, "ಗಾಳಿ ಬೇಕು, ಲಿಫ್ಟ್ ಬೇಡ ಅಂದೆ. ಏಜೆಂಟ್ ಹುಡುಕಿದ" ಎಂದರು. ಆಮೇಲೆ ಅವರನ್ನು ನೋಡಿಲ್ಲ.

ಜೂನ್‌ನ ಆ ಸೋಮವಾರ ಒಬ್ಬಳೇ ರಿಕ್ಷಾ ಹತ್ತಿದೆ. "ಕಿಧರ್ ಸೆ ಲೂಂ?" ಎಂದು ಕೇಳಿದ. ನನಗೆ ಮೂರು ದಾರಿ ಗೊತ್ತು, ಯಾವುದರಲ್ಲಿ ಎಷ್ಟು ನಿಮಿಷ ಎಂಬುದೂ ಗೊತ್ತು. "ಸಾಡೇ ಸಾತ್ ಕೋ ಸ್ಟೇಷನ್" ಎಂದಷ್ಟೇ ಹೇಳಿದೆ. ಏಳು ಇಪ್ಪತ್ತೆಂಟಕ್ಕೆ ತಲುಪಿದೆ. ಗುಂಡಿ ಇಪ್ಪತ್ಮೂರು. ಇಳಿಯುವಾಗ ನೋಡಿದರೆ, ದಾರಿಯುದ್ದಕ್ಕೂ ನಾನು ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು ಒಂದು ಬದಿಗೆ ಒತ್ತಿಕೊಂಡೇ ಕುಳಿತಿದ್ದೆ.