ತಾತನ ಹಡಗು ಮತ್ತು ನನ್ನ ಅನುಮಾನ

ಮೂವತ್ತು ವರ್ಷಕ್ಕೂ ಮೇಲೆ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವನಿಗೆ ಒಂದು ಕೆಟ್ಟ ಚಾಳಿ ಅಂಟಿಕೊಳ್ಳುತ್ತದೆ. ಯಾರು ಏನು ಬರೆದು ತಂದರೂ ಇದು ಎಲ್ಲಿಂದ ಕದ್ದ ಮಾಲು ಎಂದು ಮೊದಲು ಮೂಸಿ ನೋಡುವುದು. ನಿವೃತ್ತನಾಗಿ ಚಳ್ಳಕೆರೆಯಲ್ಲಿ ಮನೆ ಮಾಡಿಕೊಂಡ ಮೇಲೂ ನನ್ನನ್ನು ಅದು ಬಿಡಲಿಲ್ಲ. ಮದುವೆಯ ಕರೆಯೋಲೆಯ ಮೇಲಿನ ಎರಡು ಸಾಲಿನ ಪದ್ಯವನ್ನೂ ಅನುಮಾನದಿಂದಲೇ ಓದುತ್ತೇನೆ. ನಿಮಗೆ ಹಾಲು ಕೊಟ್ಟರೂ ಸುಣ್ಣದ ನೀರಾ ಅಂತ ಕೇಳುವವರು ನೀವು ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಾಳೆ.

ಇಂಥವನ ಕೈಗೆ ತಾತನ ಪುಸ್ತಕ ಬಂತು. ತಾತ ಎಂದರೆ ನನ್ನ ತಂದೆಯ ತಂದೆ. ತಳಕಿನ ಹತ್ತಿರದ ಹಳ್ಳಿಯಲ್ಲಿ ಕುರಿ ಸಾಕಿಕೊಂಡು, ಕಂಬಳಿ ನೇಯ್ದುಕೊಂಡು ಬಾಳಿದವರು. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ತೀರಿಕೊಂಡರು. ನಮ್ಮ ತಾತ ಹಡಗಿನಲ್ಲಿ ಲಂಡನ್ನಿಗೆ ಹೋಗಿ ಬಂದವರು, ಆ ಪ್ರಯಾಣದ ಪುಸ್ತಕ ಬರೆದವರು ಎಂದು ನಮ್ಮ ಬಳಗದಲ್ಲೆಲ್ಲ ಹೇಳಿಕೊಳ್ಳುತ್ತೇವೆ. ಹೆಣ್ಣು ನೋಡಲು ಹೋದರೂ ಈ ಮಾತು ಬರುತ್ತಿತ್ತು. ಕೈಬರಹದ ಆ ಪುಸ್ತಕವನ್ನು ನನ್ನ ಸೋದರತ್ತೆ ತವರಿನ ನೆನಪಿಗೆಂದು ದೇವಸಮುದ್ರಕ್ಕೆ ಒಯ್ದಿದ್ದಳು. ಐವತ್ತಕ್ಕೂ ಹೆಚ್ಚು ವರ್ಷ ಅದು ಅವಳ ಟ್ರಂಕಿನಲ್ಲೇ ಇತ್ತು.

ಹೋದ ಮಾಘದಲ್ಲಿ ಅತ್ತೆಯ ಮಗ ಅದನ್ನು ಹಳೇ ಪಂಚೆಯಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ಅಂಗಡಿ ಇಟ್ಟವನು, ಕೈ ದೊಡ್ಡದು. ಮಗಳ ಮದುವೆಗೆ ಬಂದವರಿಗೆಲ್ಲ ತೆಂಗಿನಕಾಯಿಯ ಜೊತೆಗೆ ತಾತನ ಪುಸ್ತಕವನ್ನೂ ಅಚ್ಚು ಹಾಕಿಸಿ ಕೊಡಬೇಕೆಂದು ಅವನ ಆಸೆ. ಪ್ರೆಸ್ಸಿನವನಿಗೆ ಹೇಳಿಯೂ ಆಗಿತ್ತು. ನನ್ನಿಂದ ಬೇಕಾದದ್ದು ಮುನ್ನುಡಿ ಮಾತ್ರ. ಇದು ನಮ್ಮ ತಾತನದೇ ರಚನೆ ಎಂದು ಮೇಷ್ಟ್ರಾದ ನಾನು ಸಹಿ ಹಾಕಿಕೊಟ್ಟರೆ ಸಾಕು.

ಮೊದಲ ಪುಟದ ನಡುವೆ ಒಂದು ಚೀಟಿ ಅಂಟಿಸಿತ್ತು. 'ನನ್ನ ಸಮುದ್ರಯಾನ' ಎಂದು ಬರೆದು, ರಚನೆ ಎಂದು ತಾತನ ಹೆಸರು ಹಾಕಿತ್ತು. ಆ ಅಕ್ಷರ ದುಂಡಗೆ, ದಪ್ಪಗೆ. ಒಳಗಿನ ಅಕ್ಷರ ಸಣ್ಣದು, ಒಂದೊಂದನ್ನೂ ಕಷ್ಟಪಟ್ಟು ಕೂರಿಸಿದಂಥದು. ಎರಡೂ ಒಂದೇ ಕೈಯದಲ್ಲ ಎಂದು ನೋಡಿದ ಕೂಡಲೇ ಅನ್ನಿಸಿತು. ಒಳಗೆ ಓದಿದರೆ ಅನುಮಾನ ಇನ್ನೂ ಬಲಿಯಿತು. ಊಟದ ಕೋಣೆಯ ದೀಪಗುಚ್ಛಗಳು, ಪಿಯಾನೋ ನುಡಿಸುವ ಹೆಂಗಸರು, ತಟ್ಟೆಯಲ್ಲಿ ಜಾರುವ ಆಲೂಗಡ್ಡೆಯನ್ನು ಮುಳ್ಳುಚಮಚದಿಂದ ಅಟ್ಟಿಸಿಕೊಂಡು ಹೋಗುವ ಪ್ರಸಂಗ, ಏಡನ್ ಬಂದರಿನ ಬಿಸಿಲು. ಜೀವಮಾನವಿಡೀ ರಾಗಿಮುದ್ದೆಯನ್ನು ಬೆರಳಲ್ಲಿ ಮುರಿದು ಉಂಡ ಮನುಷ್ಯನಿಗೆ ಇಷ್ಟೊಂದು ನಯವಾದ ಕನ್ನಡ ಎಲ್ಲಿಂದ ಬಂತು? ಲಂಡನ್ನಿಗೆ ಹೋಗಿಬರುವ ಶಕ್ತಿ ಆ ಕಾಲದಲ್ಲಿ ನಮ್ಮ ಮನೆಗೆ ಎಲ್ಲಿತ್ತು?

ಉತ್ತರ ಸಿಕ್ಕಿದ್ದು ಪೇಟೆಯ ಗುಜರಿ ಅಂಗಡಿಯಲ್ಲಿ. ಅಲ್ಲಿಯ ಸಾಹೇಬರು ತೂಕಕ್ಕೆ ಬಂದ ಹಳೇ ಪುಸ್ತಕಗಳನ್ನು ನನಗೆಂದು ತೆಗೆದಿಡುತ್ತಾರೆ. ಹಡಗಿನ ಪ್ರಯಾಣದ್ದು ಏನಾದರೂ ಬಂದರೆ ಇಡಿ ಎಂದು ಹೇಳಿ ಬಂದಿದ್ದೆ. ಒಂದು ತಿಂಗಳಿಗೆ ಕರೆದು, ಮೇಲಿನ ರಟ್ಟೂ ಮೊದಲ ಹಾಳೆಗಳೂ ಕಿತ್ತುಹೋದ ಅಚ್ಚಿನ ಪುಸ್ತಕ ಒಂದನ್ನು ಕೈಗಿಟ್ಟರು. ಬರೆದವರು ಯಾರೋ ತಿಳಿಯದು. ಅಂಗಡಿಯ ಸ್ಟೂಲಿನ ಮೇಲೆ ಕೂತು ತಿರುವಿದೆ. ಮೂರನೆಯ ಅಧ್ಯಾಯದಲ್ಲಿ ಅದೇ ಆಲೂಗಡ್ಡೆ ಅದೇ ತಟ್ಟೆಯಲ್ಲಿ ಜಾರುತ್ತಿತ್ತು. ಒಂದು ಅಲ್ಪವಿರಾಮವೂ ಆಚೀಚೆ ಆಗಿರಲಿಲ್ಲ.

ನನಗೆ ಮೈಯೆಲ್ಲ ಬೆಂಕಿ ಹತ್ತಿದಂತಾಯಿತು. ನಕಲು ಮಾಡಿದರೆಂದು ಎಷ್ಟು ಹುಡುಗರ ಪ್ರಬಂಧಕ್ಕೆ ಸೊನ್ನೆ ಸುತ್ತಿದ್ದೆ ನಾನು! ನಮ್ಮ ತಾತ ಕಳ್ಳ ಸಾಹೇಬ್ರೇ ಎಂದು ಅಲ್ಲೇ ಅಂದುಬಿಟ್ಟೆ. ಅವರು ತಕ್ಕಡಿಯಿಂದ ಕಣ್ಣೆತ್ತಲಿಲ್ಲ. ತೀರಿಹೋದವರನ್ನು ಹಾಗೆ ಅನ್ನಬಾರದು, ಮೊದಲು ತಹಕೀಕತ್ ಮಾಡಿ ಎಂದರು.

ವಿಚಾರಣೆಗೆ ಇನ್ನೇನು ಉಳಿದಿತ್ತು? ಪುಸ್ತಕ ಅಚ್ಚಾದರೆ ಇವತ್ತಲ್ಲ ನಾಳೆ ಯಾರಾದರೂ ಹಿಡಿಯುತ್ತಾರೆ, ತಾತನ ಹೆಸರು ನೂರಾರು ಪ್ರತಿಗಳಲ್ಲಿ ಕಳ್ಳನ ಹೆಸರಾಗುತ್ತದೆ. ಬೇಡ ಎಂದರೆ ಅತ್ತೆಗೆ ಕಾರಣ ಹೇಳಬೇಕು. ಎಂಬತ್ತೇಳರ ಮುದುಕಿ, ಅಪ್ಪನೆಂದರೆ ಜೀವ. ಎರಡು ದಿನ ಒದ್ದಾಡಿ, ಎರಡೂ ಪುಸ್ತಕಗಳನ್ನು ಚೀಲಕ್ಕೆ ಹಾಕಿಕೊಂಡು ದೇವಸಮುದ್ರದ ಬಸ್ಸು ಹತ್ತಿದೆ.

ಅತ್ತೆ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮಗ ಅಂಗಡಿಗೆ ಹೋಗಿದ್ದ. ನಾನು ಕಾಫಿ ಕುಡಿದ ಲೋಟ ಕೆಳಗಿಡುವ ಮುಂಚೆಯೇ, ತಾತ ಲಂಡನ್ನಿಗೆ ಹೋಗಿದ್ದು ನಿಜವೇ ಎಂದು ಪೊಲೀಸಿನವನ ಹಾಗೆ ಕೇಳಿದೆ.

"ಯಾವ ಲಂಡನ್ನೋ?" ಅಂದಳು ಅತ್ತೆ. "ನೀವು ಹೇಳ್ಕಂಡು ತಿರುಗಿದ್ರಿ, ನನ್ನ ಯಾರು ಕೇಳಿದ್ರು? ಅಪ್ಪ ಹೋಗಿದ್ದು ಬಸರಾಕ್ಕೆ. ಕುರಿ ಕಾಯಾಕೆ."

ಅವಳು ಹೇಳಿದ್ದು ಇಷ್ಟು. ಮೊದಲ ಮಹಾಯುದ್ಧದ ಕಾಲ. ಇರಾಕಿನ ಬಸರಾ ಬಂದರಿನಲ್ಲಿದ್ದ ಸಿಪಾಯಿಗಳ ಊಟಕ್ಕೆ ಕುರಿಗಳನ್ನು ಬೊಂಬಾಯಿಯಿಂದ ಹಡಗಿಗೆ ತುಂಬಿ ಕಳಿಸುತ್ತಿದ್ದರಂತೆ. ದಾರಿಯಲ್ಲಿ ಅವನ್ನು ನೋಡಿಕೊಳ್ಳಲು ಕುರಿ ಬಲ್ಲವರು ಬೇಕಿತ್ತು. ತಾತ ಆಗಿನ್ನೂ ಮೀಸೆ ಚಿಗುರಿದ ಹುಡುಗ, ಯಾರ ಹಿಂದೆಯೋ ಹೊರಟುಬಿಟ್ಟ. ಹಡಗಿನ ತಳದಲ್ಲಿ, ಗಾಳಿ ಬೆಳಕಿಲ್ಲದ ಕಡೆ, ಕುರಿಗಳ ನಡುವೆಯೇ ಮಲಗಿದ. ಉಪ್ಪುನೀರು ನುಗ್ಗಿ ಹುಲ್ಲು ಕೊಳೆಯಿತು. ಹಸಿದ ಕುರಿಗಳು ಅವನು ಹೊದ್ದಿದ್ದ ಕಂಬಳಿಯ ಗಂಜಿಯನ್ನು ನೆಕ್ಕಿದವು. ನೆಕ್ಕುತ್ತ ನೆಕ್ಕುತ್ತಲೇ ಎಷ್ಟೋ ಸತ್ತವು.

ಇದನ್ನು ಕೇಳಿ ನಾನು ತಣ್ಣಗಾದೆ. ನಮ್ಮ ಕಡೆ ಕಂಬಳಿಗೆ ಹುಣಸೆಬೀಜದ ಗಂಜಿ ಬಳಿಯುವುದುಂಟು. ಹಲಗೆಯಂತೆ ಸೆಟೆದು ನಿಂತರೇ ಅದು ಕಂಬಳಿ. ನಮ್ಮ ಮನೆಯಲ್ಲಿ ಮಾತ್ರ ಹೊದೆಯುವ ಕಂಬಳಿಯನ್ನು ಮೂರು ಸಲ ಒಗೆದು ಗಂಜಿಯೆಲ್ಲ ಕಳೆದ ಮೇಲೆಯೇ ತಾತನಿಗೆ ಕೊಡುತ್ತಿದ್ದರು. ಕೈಯಾರೆ ಬಳಿದ ಗಂಜಿಯನ್ನು ಕೈಯಾರೆ ತೊಳೆಯುವ ಮನೆ ಎಂದು ಕೇರಿಯವರು ನಗುತ್ತಿದ್ದರು. ಯಾಕೆಂದು ನಾನು ಯಾವತ್ತೂ ಕೇಳಿರಲಿಲ್ಲ. ಅನುಮಾನಪಡಬೇಕಾದಲ್ಲಿ ಪಡದೆ, ಬೇಡದಲ್ಲಿ ಪಟ್ಟೆ.

ಆದರೂ ಮೇಷ್ಟ್ರ ಬುದ್ಧಿ. ಹಾಗಾದರೆ ಈ ಪುಸ್ತಕ ಕದ್ದಿದ್ದು ಯಾಕೆ ಎಂದು ಎರಡನ್ನೂ ಅವಳ ಮುಂದಿಟ್ಟೆ.

"ಕದ್ದಿದ್ದಲ್ಲ ಕಣಪ್ಪ. ಅಪ್ಪಂಗೆ ಆಗ ಓದಾಕೆ ಬರ್ತಿರ್ಲಿಲ್ಲ. ಊರಿಗೆ ಬಂದ ಮ್ಯಾಲೆ ಸಾಲೆ ಐನೋರ ತಾವ ಅಕ್ಷರ ಕಲ್ತ. ಅವರ ತಾವ ಒಂದು ಹಡಗಿನ ಪುಸ್ತಕ ಇತ್ತು. ಕೊಳ್ಳಾಕೆ ಎಲ್ಲಿ ಸಿಗಬೇಕು? ಕಡ ತಂದು ಬರ್ಕಂಡ." ಅವರೆಯ ಸಿಪ್ಪೆಯನ್ನು ಮೊರಕ್ಕೆ ತಳ್ಳಿದಳು. "ಹಡಗಿನಾಗೆ ಮ್ಯಾಕೆ ಹತ್ತಾಕೆ ಬಿಡ್ಲಿಲ್ವಲ್ಲ ಅಪ್ಪನ್ನ. ಮ್ಯಾಲೆ ಏನೇನೈತೆ ಅಂತ ಇದ್ರಾಗೇ ನೋಡ್ಕಂಡ."

ನಾನು ಸೋಲಲಿಲ್ಲ. ಮತ್ತೆ ಇಲ್ಲಿ ತಾತನ ಹೆಸರು ಹಾಕಿದವರು ಯಾರು, ಅದು ಮೋಸವಲ್ಲವೇ ಎಂದು ಆ ಚೀಟಿ ತೋರಿಸಿದೆ. ಅವಳಿಗೆ ಓದು ಬರುವುದಿಲ್ಲ. ಬಗ್ಗಿ ಚೀಟಿಯ ಅಂಚನ್ನು ಬೆರಳಲ್ಲಿ ಸವರಿದಳು.

"ಇದು ನಿಂದೇ ಅಲ್ವೇನೋ?" ಅಂದಳು. "ಸಾಲೆ ಸುರುವಾದಾಗ ನೀನು ನಿನ್ನ ಪುಸ್ತಕಕ್ಕೆಲ್ಲ ರಟ್ಟು ಹಾಕಿ ಚೀಟಿ ಅಂಟಿಸ್ತಿದ್ದೆ. ತಾತಂದಕ್ಕೂ ಅಂಟಿಸ್ದೆ, ಕಂಬಳಿ ಗಂಜೀನೇ ಬಳ್ದು. ನಾನು ಕೀಳಾಕೆ ಹೋದ್ರೆ ಅಪ್ಪ ಬಿಡ್ಲಿಲ್ಲ. ಹುಡುಗ ಆಸೆಪಟ್ಟು ಅಂಟಿಸೈತೆ, ಇರ್ಲಿ ಅಂದ."

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನಗೆ ಮುಟ್ಟಿ ನೋಡಿಕೊಳ್ಳುವ ಧೈರ್ಯವೂ ಇರಲಿಲ್ಲ. ಆ ದುಂಡು ಅಕ್ಷರವನ್ನು ಎಲ್ಲಿ ನೋಡಿದ್ದೇನೆ ಎಂದು ಈಗ ತಿಳಿಯಿತು. ನನ್ನ ಹಳೇ ಕಾಪಿ ಪುಸ್ತಕದಲ್ಲಿ. ತಾತ ಲಂಡನ್ನಿಗೆ ಹೋಗಿದ್ದರು ಎಂಬ ಸುದ್ದಿಯೂ ಬೇರೆ ಯಾರ ಬಾಯಿಂದ ಹುಟ್ಟಿರಬೇಕು? ಶಾಲೆಯಲ್ಲಿ ಜಂಬ ಕೊಚ್ಚಿಕೊಂಡ ಹುಡುಗನ ಬಾಯಿಂದಲೇ.

ಅತ್ತೆ ಒದ್ದೆ ಬಟ್ಟೆ ತಂದು ಚೀಟಿಯ ಮೇಲೆ ಒತ್ತಿ ಹಿಡಿದಳು. ಗಂಜಿ ಸುಲಭಕ್ಕೆ ಬಿಡಲಿಲ್ಲ. ಅವರೆಕಾಯಿ ಪೂರ್ತಿ ಸುಲಿಯುವಷ್ಟು ಹೊತ್ತು ಕಾದು, ಒಂದು ಮೂಲೆಯಿಂದ ಮೆಲ್ಲಗೆ ಎತ್ತಿದೆ. ಕೆಳಗೆ ತಾತನ ಸಣ್ಣ ಅಕ್ಷರದಲ್ಲಿ ನಾಲ್ಕು ಸಾಲು ಇತ್ತು. ಮೊದಲು ಪುಸ್ತಕದ ಹೆಸರು, ಬರೆದ ಮಹನೀಯರ ಹೆಸರು. ಆಮೇಲೆ, ಶಾಲೆಯ ಐನೋರಿಂದ ಕಡ ತಂದು ನಕಲು ಮಾಡಿದ್ದು. ಕೊನೆಯದನ್ನು ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿದೆ: 'ನಾನು ಹೋದ ಹಡಗಿನ ಮೇಲೂ ಹೀಗೆಯೇ ಇದ್ದಿರಬೇಕು.'

ಅವಳು ಇನ್ನೊಂದು ಸಲ ಓದು ಅಂದಳು. ಓದಿದೆ. ಕುರಿಗಳ ಸಂಗತಿಯನ್ನೇ ನಾನು ಬರೆದುಕೊಡುತ್ತೇನೆ, ಅಚ್ಚು ಹಾಕಿಸುವುದಾದರೆ ಅದನ್ನು ಹಾಕಿಸು ಎಂದು ಅವಳ ಮಗನಿಗೆ ಅಲ್ಲಿಂದಲೇ ಫೋನು ಮಾಡಿದೆ. ಮದುವೆ ಮನೆಯಲ್ಲಿ ಸತ್ತ ಕುರಿಗಳ ಕತೆಯೇ ಎಂದು ಅವನು ರಾಗ ಎಳೆದ. ಅತ್ತೆ ಫೋನು ಕಿತ್ತುಕೊಂಡು ಅವನನ್ನು ಸುಮ್ಮನಾಗಿಸಿದಳು.

ಮಾರನೆಯ ದಿನ ಗುಜರಿ ಅಂಗಡಿಯ ಮುಂದೆ ಹಾದುಹೋಗುವಾಗ ಸಾಹೇಬರು ತಡೆದು, ಕಳ್ಳ ಸಿಕ್ಕಿದನಾ ಮೇಷ್ಟ್ರೇ ಎಂದು ಕೇಳಿದರು.

ಸಿಕ್ಕಿದ ಎಂದೆ. ಜೇಬಿನಿಂದ ಆ ಚೀಟಿ ತೆಗೆದು ತೋರಿಸಿದೆ. ಇದು ಯಾರ ಅಕ್ಷರ ಎಂದು ಅವರು ಕೇಳಿದಾಗ, ನನ್ನದು ಎಂದೆ.