ಕೊಳ್ಳೇಗಾಲದಿಂದ ಅಣ್ಣನ ರಿಪೋರ್ಟಿಗೆ

ಬೆಳಿಗ್ಗೆ ಏಳಕ್ಕೆ ಕೊಳ್ಳೇಗಾಲದಲ್ಲಿ ಕೆಂಪು ಬಸ್ಸು ಹತ್ತಿದೆ. ಮೈಸೂರಿಗೆ ಅರವತ್ತು ಕಿಲೋಮೀಟರು. ಹೆಂಗಸರಿಗೆ ಸೊನ್ನೆ ರೂಪಾಯಿಯ ಟಿಕೆಟ್ಟು. ಹೀಗೆ ಪುಕ್ಕಟೆ ದಾರಿಯಿದ್ದರೂ ನಾಲ್ಕು ತಿಂಗಳಿಂದ ಅಣ್ಣನನ್ನು ನೋಡಲು ಹೋಗಿರಲಿಲ್ಲ. ಹೆದರಿಕೆ. ಮೈಸೂರಿನ ವಿಜಯನಗರದಾಚೆ ಒಂಟಿಯಾಗಿ ಹೂಗಿಡಗಳ ನರ್ಸರಿ ನಡೆಸುವ ಜೋಸೆಫಣ್ಣನಿಗೆ ಟಿಬಿ ಎಂದಿದ್ದರು. ಮಾತ್ರೆ ನುಂಗಿದರೂ ಜ್ವರ ಬಿಡದೆ ಕಳೆದ ವಾರ ಆಸ್ಪತ್ರೆ ಸೇರಿದ್ದ. ಕಾಲಿನ ಗಾಯದ ಕೀವಿನ ಪರೀಕ್ಷೆಯ ರಿಪೋರ್ಟು ಬಂದಿದೆ, ಮನೆಯವರು ಬನ್ನಿ ಎಂದು ಫೋನು ಬಂತು. ಮನೆಯವರೆಂದರೆ ನಾನೊಬ್ಬಳೇ.

ನರಸೀಪುರದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಇಡ್ಲಿ ಬಿಸಿಯಾಗಿತ್ತು, ಅರ್ಧಕ್ಕೇ ಬಿಟ್ಟು ಬಸ್ಸು ಹತ್ತಿದೆ. ಪಕ್ಕದ ಸೀಟಿನ ಹೆಂಗಸು, "ಬೆಟ್ಟಕ್ಕಾ?" ಎಂದು ಕೇಳಿದಳು.

"ಆಸ್ಪತ್ರೆಗೆ" ಎಂದೆ.

"ಅಂಗಾರೆ ನಿಮ್ ಎಸ್ರಲ್ಲೂ ಬೆಟ್ಟದ ತಾಯಿಗೆ ಒಂದು ಕಾಯಿ ಒಡುಸ್ತೀನಿ ಬುಡಿ."

ನಾನು ಚರ್ಚಿನವಳೆಂದು ಹೇಳಲಿಲ್ಲ. ಯಾರ ಪ್ರಾರ್ಥನೆಯಾದರೂ ಬೇಕಿತ್ತು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಕಾಯಿಲೆಯ ಹೆಸರು ಮೆಲಿಯೋಯ್ಡೋಸಿಸ್ ಎಂದರು. ಅದಕ್ಕೆ ನನ್ನ ನಾಲಿಗೆ ಹೊರಳಲೇ ಇಲ್ಲ.

"ಒದ್ದೆ ಮಣ್ಣಲ್ಲಿರೋ ಬ್ಯಾಕ್ಟೀರಿಯಾ ಅಮ್ಮ. ನಿಮ್ಮಣ್ಣನ ಥರ ಶುಗರ್ ಇರೋರಿಗೆ ಕಾಲಿನ ಗಾಯದಿಂದ ಒಳಗೆ ಹೋಗ್ಬಿಡುತ್ತೆ. ಅಪರೂಪ. ನೋಡೋಕೆ ಟಿಬಿ ಥರಾನೇ ಇರುತ್ತೆ."

ಬರಿಗಾಲಲ್ಲಿ ಪಾತಿಯ ಕೆಸರು ತುಳಿಯುವ ಅಣ್ಣ ಕಣ್ಣೆದುರು ಬಂದ. "ಉಳೀತಾನಾ?" ಎಂದೆ.

"ಸರಿಯಾದ ಔಷಧಿ ಈಗ ಶುರು ಮಾಡಿದೀವಿ. ತಡ ಆಗೋಗಿದೆ, ಹೇಳೋಕಾಗಲ್ಲ."

"ನಮ್ಮನೇಲಿ ಮಗು ಇದೆ. ಅಂಟುತ್ತಾ?"

"ಒಬ್ಬರಿಂದ ಒಬ್ಬರಿಗೆ ಅಂಟೋ ಕಾಯಿಲೆ ಅಲ್ಲಮ್ಮ ಇದು. ಧೈರ್ಯವಾಗಿ ಪಕ್ಕದಲ್ಲಿ ಕೂತ್ಕೊಳ್ಳಿ."

ಸಮಾಧಾನವಾಗಬೇಕಿತ್ತು, ಆಗಲಿಲ್ಲ. ನಾಲ್ಕು ತಿಂಗಳ ಹಿಂದೆ ನಮ್ಮೂರ ಚರ್ಚಿನಲ್ಲಿ ನನ್ನ ಮೊಮ್ಮಗಳ ಜ್ಞಾನಸ್ನಾನ. ತಲೆಗೆ ನೀರು ಹಾಕುವಾಗ ಮಗುವನ್ನು ಹಿಡಿಯುವ ಜ್ಞಾನತಂದೆ ಅಣ್ಣನೇ ಎಂದು ಮೊದಲೇ ಮಾತಾಗಿತ್ತು. ಮದುವೆಯಾಗದ ಅವನು ಹೊಸ ಬಿಳಿ ಶರ್ಟು ಹೊಲಿಸಿಕೊಂಡು ಬಂದಿದ್ದ. ಟಿಬಿ ಮಗುವಿಗೆ ಅಂಟೀತೆಂದು ಬಾಗಿಲಲ್ಲೇ ತಡೆದು, "ಇಲ್ಲೇ ನಿಂತ್ಕೋ, ಒಳಗೆ ಬರ್ಬೇಡ" ಎಂದವಳು ನಾನು, ದೊಡ್ಡ ಬುದ್ಧಿವಂತೆ. ಮಗುವನ್ನು ಪಕ್ಕದ ಮನೆಯವರು ಹಿಡಿದರು. ಜ್ಞಾನಸ್ನಾನ ಒಬ್ಬರಿಗೆ ಒಂದೇ ಸಲ.

ವಾರ್ಡಿನಲ್ಲಿ ಅವನ ಮಂಚದ ಮೇಲೇ ಕೂತೆ. ಅವನು ಗೋಡೆಯ ಕಡೆ ಸರಿದ.

"ದೂರ ಕೂತ್ಕೋ ಕಣಮ್ಮ. ಮನೇಲಿ ಮಗು ಅದೆ."

ಕೈ ಹಿಡಿದು, ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ತಪ್ಪಾಯಿತು ಎಂದು ಅತ್ತೆ.

"ಅಂಗಾರೆ ಆವತ್ತು ಮಗೂನ ನಾನೇ ಇಡ್ಕೋಬೋದಿತ್ತು" ಎಂದ.

ಸಂಜೆಯ ಬಸ್ಸಿಗೆ ಹೊರಟಾಗ ಬಾಗಿಲಲ್ಲಿ ತಿರುಗಿ ನೋಡಿದೆ. ಅವನು ಇನ್ನೂ ಗೋಡೆಗೆ ಒತ್ತಿಕೊಂಡೇ ಮಲಗಿದ್ದ.